ಮತಗಣಿತದ ಮಹನೀಯ ಕೊಂಡೊರ್ಸೆ

ಬಹುಮತವೆಂದರೆ ಸ್ಪಷ್ಟ ತೀರ್ಮಾನವೆಂದು ನಾವು ಭಾವಿಸುತ್ತೇವೆ. ಹಾಗಾಗದಿರಲೂಬಹುದೆಂದು 1785ರಲ್ಲಿ ತೋರಿಸಿದವರು ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ. ಅವರು ಜನಿಸಿದ್ದು 1743ರಲ್ಲಿ.

ಮೂವರು ಗೆಳೆಯರಿದ್ದಾರೆನ್ನೋಣ. ಒಬ್ಬನ ಇಷ್ಟದ ಕ್ರಮ ಮಾವು, ಹಲಸು, ಬಾಳೆ. ಇನ್ನೊಬ್ಬನದು ಹಲಸು, ಬಾಳೆ, ಮಾವು. ಮತ್ತೊಬ್ಬನದು ಬಾಳೆ, ಮಾವು, ಹಲಸು. ಎರಡೆರಡನ್ನೇ ಮತಕ್ಕೆ ಹಾಕಿದರೆ ಮಾವು ಹಲಸನ್ನೂ, ಹಲಸು ಬಾಳೆಯನ್ನೂ, ಬಾಳೆ ಮಾವನ್ನೂ ಗೆಲ್ಲುತ್ತದೆ! ಬಿಡಿಯಾಗಿ ಸರಿ, ಒಟ್ಟುಗೂಡಿಸಿದರೆ ಹೊಂದದು. ಇದನ್ನು ಹೋಲುವ ತೊಡಕು ಕ್ವಾಂಟಂ ಅಳತೆಗಳಲ್ಲೂ ಇದೆಯೆಂದು 1967ರಲ್ಲಿ ಕೋಶೆನ್ ಮತ್ತು ಸ್ಪೆಕರ್ ತೋರಿಸಿದರು.

ಸ್ತ್ರೀಯರಿಗೂ ಪೌರಹಕ್ಕು ಬೇಕೆಂದು ವಾದಿಸಿದ ಕೊಂಡೊರ್ಸೆ, 1793ರಲ್ಲಿ ಹೊಸ ಸಂವಿಧಾನವನ್ನು ಟೀಕಿಸಿ ಬಂಧನದ ಆಜ್ಞೆಗೆ ಗುರಿಯಾದರು. ಅಡಗಿದ್ದಾಗಲೇ ಮಾನವಕುಲದ ಪ್ರಗತಿಯನ್ನು ಕುರಿತು ಗ್ರಂಥ ಬರೆದರು. 1794ರಲ್ಲಿ ಸೆರೆಮನೆಯಲ್ಲಿ ಪ್ರಾಣಬಿಟ್ಟರು. ಮತದಾನದ ತೊಡಕನ್ನರಿತೂ ಜನರಲ್ಲಿ ನಂಬಿಕೆ ಕಳೆದುಕೊಳ್ಳದ ಅವರ ಬಾಳು ನಮಗೆ ದಾರಿದೀಪವಾಗಲಿ.