ಹೆಸರಿಗಷ್ಟೇ ಅರಸನಾದ ಸದಾಶಿವರಾಯ

ಶ್ರೀ ವ್ಯಾಸರಾಜರು 1539ರಲ್ಲಿ ಆನೆಗೊಂದಿಯ ಬಳಿ ಬೃಂದಾವನಸ್ಥರಾದರು. ಅನಂತರ ಕೆಲವೇ ವರ್ಷಗಳಲ್ಲಿ ವಿಜಯನಗರದ ಸಿಂಹಾಸನವು ಅಚ್ಯುತರಾಯನ ಸೋದರಪುತ್ರನಾದ ತರುಣ ಸದಾಶಿವರಾಯನಿಗೆ ದೊರೆಯಿತು. ಅವನನ್ನು ಪಟ್ಟಕ್ಕೇರಿಸಿದ ಅಳಿಯ ರಾಮರಾಯನೇ ಆಡಳಿತವನ್ನು ವಹಿಸಿಕೊಂಡನು. ಶಾಸನಗಳಲ್ಲಿ ಹೆಸರು ಸದಾಶಿವನದು; ಸಂಧಿವಿಗ್ರಹಗಳ ನಿರ್ಧಾರ ರಾಮರಾಯನದು.

1565ರಲ್ಲಿ ಸುಲ್ತಾನರ ಒಕ್ಕೂಟದೊಡನೆ ಕೃಷ್ಣಾತೀರದಲ್ಲಿ ನಡೆದ ಘೋರ ಸಮರದಲ್ಲಿ ರಾಮರಾಯನು ಮಡಿದನು. ಆದರೂ ಅಧಿಕಾರವು ಅರಸನಿಗೆ ಮರಳಲಿಲ್ಲ. ರಾಮರಾಯನ ತಮ್ಮ ತಿರುಮಲನು ಅವನನ್ನೂ ರಾಜಭಂಡಾರವನ್ನೂ ಪೆನುಗೊಂಡೆಗೆ ಸಾಗಿಸಿ, ಮುಂದೆ ತಾನೇ ಪಟ್ಟವೇರಿದನು.

ಛತ್ರಚಾಮರಗಳಿದ್ದೂ ಸದಾಶಿವನಿಗೆ ಸ್ವಾತಂತ್ರ್ಯವಿರಲಿಲ್ಲ. ಅಧಿಕಾರವೆಲ್ಲ ಕೈಯಲ್ಲಿದ್ದೂ ರಾಮರಾಯನು ತನ್ನನ್ನು ಉಳಿಸಿಕೊಳ್ಳಲಾರದೆ ಹೋದನು. ಇಬ್ಬರೂ ಪರತಂತ್ರರೇ. ಶ್ರೀಹರಿಯೊಬ್ಬನೇ ಸ್ವತಂತ್ರನೆಂಬ ಶ್ರೀಮದಾಚಾರ್ಯರ ಸಿದ್ಧಾಂತವನ್ನು, ಮನೆಯ ಯಜಮಾನಿಕೆಯನ್ನು ನಡೆಸುವ ನಾವೂ ನಿತ್ಯ ಸ್ಮರಿಸತಕ್ಕದ್ದು.