ರಸೆಲ್ ಬ್ರಾಕ್‌ಬ್ಯಾಂಕ್

ರಸೆಲ್ ಬ್ರಾಕ್‌ಬ್ಯಾಂಕ್ (1913–1969) ಕೆನಡಾದಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ಪ್ರಸಿದ್ಧರಾದ ವ್ಯಂಗ್ಯಚಿತ್ರಕಾರರು. ಮೋಟಾರು ಕಾರು ಮತ್ತು ಅದರ ಚಾಲಕರು ಇವರ ಚಿತ್ರಗಳ ಪ್ರಧಾನ ವಸ್ತು. ಲಂಡನ್ನಿನ ಹಾಸ್ಯ ವಾರಪತ್ರಿಕೆ 'ಪಂಚ್'ನ ಕಲಾ ಸಂಪಾದಕರಾಗಿಯೂ ಇವರು ಸೇವೆ ಸಲ್ಲಿಸಿದರು.

ಆರಂಭಿಕ ಜೀವನ

ಇವರು ಹುಟ್ಟಿದ್ದು ಒಂಟಾರಿಯೊ ಪ್ರಾಂತ್ಯದ ನಯಾಗರಾ ಫಾಲ್ಸ್ ಪಟ್ಟಣದಲ್ಲಿ. 1929ರಲ್ಲಿ ಇಂಗ್ಲೆಂಡಿಗೆ ಬಂದು ಚೆಲ್ಸಿ ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿದರು. 1930ರ ದಶಕದಲ್ಲಿಯೇ ಸ್ವತಂತ್ರವಾಗಿ ವ್ಯಂಗ್ಯಚಿತ್ರ ರಚನೆಗೆ ತೊಡಗಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿದ್ದರು.

ವೃತ್ತಿಜೀವನ

ಯುದ್ಧ ಮುಗಿದ ಮೇಲೂ ಬ್ರಿಟನ್ನಿನಲ್ಲಿ 1950ರವರೆಗೆ ಪೆಟ್ರೋಲಿಗೆ ಪಡಿತರವಿತ್ತು. ಹೊಸ ಕಾರುಗಳಲ್ಲಿ ಹೆಚ್ಚಿನವು ರಫ್ತಾಗುತ್ತಿದ್ದವು. ಕಾರು ಬಹುಜನರಿಗೆ ಕೈಗೆಟುಕದ ಆಸೆಯಾಗಿದ್ದ ಆ ದಿನಗಳಲ್ಲಿ, 1948ರಲ್ಲಿ, ಇವರ 'ರೌಂಡ್ ದ ಬೆಂಡ್' ಸಂಕಲನ ಪ್ರಕಟವಾಯಿತು. ಮರುವರ್ಷ 'ಪಂಚ್'ನ ಕಲಾ ಸಂಪಾದಕರಾಗಿದ್ದ ಫೂಗಾಸ್ ಪ್ರಧಾನ ಸಂಪಾದಕರಾದಾಗ ಆ ಸ್ಥಾನ ಬ್ರಾಕ್‌ಬ್ಯಾಂಕ್ ಅವರಿಗೆ ದೊರೆಯಿತು. 1960ರವರೆಗೆ ಇತರ ಕಲಾವಿದರ ಚಿತ್ರಗಳನ್ನು ಆರಿಸುವ ಹೊಣೆ ಹೊತ್ತಿದ್ದರೂ ತಮ್ಮ ಕಾರುಗಳನ್ನು ಬಿಡಲಿಲ್ಲ. 'ದ ಮೋಟಾರ್' ವಾರಪತ್ರಿಕೆಗೂ ಬರೆದರು. 'ಓವರ್ ದ ಲೈನ್' (1955), 'ಮ್ಯಾನಿಫೋಲ್ಡ್ ಪ್ರೆಷರ್ಸ್' (1958) ಮತ್ತು 'ಮೂವ್ ಓವರ್' (1962) ಇವರ ಇತರ ಸಂಕಲನಗಳು.

ಚಿತ್ರಶೈಲಿ

ವ್ಯಂಗ್ಯಚಿತ್ರಗಳಲ್ಲಿ ಕಾರೆಂದರೆ ಸಾಮಾನ್ಯವಾಗಿ ನಾಲ್ಕು ಚಕ್ರದ ಒಂದು ಡಬ್ಬಿ. ಬ್ರಾಕ್‌ಬ್ಯಾಂಕ್ ಅವರ ಕಾರನ್ನು ನೋಡಿದೊಡನೆ ಅದು ಯಾವ ಕಂಪನಿಯ ಯಾವ ಮಾದರಿ ಎಂದು ಬಲ್ಲವರು ಗುರುತಿಸಬಹುದಾಗಿತ್ತು. ತಿರುವಿನಲ್ಲಿ ಗಾಡಿ ಹೊರಬದಿಗೆ ವಾಲುವುದು, ಟೈರು ಭಾರಕ್ಕೆ ಚಪ್ಪಟೆಯಾಗುವುದು, ಒಳಬದಿಯ ಚಕ್ರ ನೆಲಬಿಟ್ಟು ಏಳುವುದು, ಇವೆಲ್ಲ ಯಂತ್ರಶಾಸ್ತ್ರಕ್ಕೆ ಒಪ್ಪುವಂತೆಯೇ ಇರುತ್ತಿದ್ದವು. ಹಾಸ್ಯ ನಿಂತಿದ್ದುದೂ ಇದರ ಮೇಲೆಯೇ: ವೇಗ ನಿಜವೆನಿಸದೆ ಚಾಲಕನ ಗಾಬರಿ ನಗು ತರಿಸದು. ಯಂತ್ರವನ್ನು ವಿಕಾರಗೊಳಿಸದೆ ಮನುಷ್ಯನ ಕೋಪ, ಜಂಬ ಮತ್ತು ಆತುರಗಳನ್ನು ಮಾತ್ರ ಉತ್ಪ್ರೇಕ್ಷಿಸುತ್ತಿದ್ದರು. ಅನೇಕ ಚಿತ್ರಗಳಿಗೆ ಅಡಿಬರಹವೇ ಇಲ್ಲ. ಇವರು ಸೃಷ್ಟಿಸಿದ ಸಿಡುಕಿನ ಚಾಲಕ ಮೇಜರ್ ಅಪ್‌ಸೆಟ್‌ನ ಸ್ವಭಾವ ಅವನ ಹೆಸರಿನಲ್ಲಿಯೇ ಇದೆ.

ಈ ನಿಖರತೆಯೇ ಇಂದು ಸ್ವಲ್ಪ ತೊಡಕೂ ಹೌದು. ಆ ಕಾಲದ ಗಾಡಿಗಳ ಪರಿಚಯವಿಲ್ಲದವರಿಗೆ ಕೆಲವು ಚಿತ್ರಗಳ ಸ್ವಾರಸ್ಯ ಹೊಳೆಯುವುದಿಲ್ಲ. ಭಾರತೀಯ ಓದುಗರಿಗೆ ಆ ಕಾಲದ ಬ್ರಿಟಿಷ್ ಕಾರುಗಳು ಪೂರ್ತಿ ಅಪರಿಚಿತವಲ್ಲ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಮಾದರಿಯೇ ನಮ್ಮಲ್ಲಿ ಅಂಬಾಸಿಡರ್ ಆಗಿ ದಶಕಗಳ ಕಾಲ ಓಡಿತು. 'ಪಂಚ್' ಕೂಡ ಕರ್ನಾಟಕಕ್ಕೆ ಹೊಸದಾಗಿರಲಿಲ್ಲ. ಬ್ರಾಕ್‌ಬ್ಯಾಂಕ್ ಆ ಪತ್ರಿಕೆಯನ್ನು ಸೇರುವ ಎಷ್ಟೋ ಮೊದಲೇ, ಮೈಸೂರಿನಲ್ಲಿ ಬಾಲಕ ಆರ್. ಕೆ. ಲಕ್ಷ್ಮಣ್ ಅದರ ಚಿತ್ರಗಳಿಗೆ ಮಾರುಹೋಗಿದ್ದರು.

ನಿಧನ

ಬ್ರಾಕ್‌ಬ್ಯಾಂಕ್ 1969ರಲ್ಲಿ ನಿಧನರಾದರು. ಆಯ್ದ ಚಿತ್ರಗಳ ಸಂಕಲನಗಳು ಇವರ ಮರಣಾನಂತರವೂ ಪ್ರಕಟವಾದವು.