ಮಾ ಜಿಯಾನ್‌ಜೊಂಗ್

ಮಾ ಜಿಯಾನ್‌ಜೊಂಗ್ (1845–1900) ಚೀನಾದ ಚಿಂಗ್ ರಾಜವಂಶದ ಕೊನೆಯ ದಶಕಗಳಲ್ಲಿ ಬದುಕಿದ್ದ ರಾಜತಾಂತ್ರಿಕರು ಹಾಗೂ ವ್ಯಾಕರಣಕಾರರು. 1898ರಲ್ಲಿ ಪ್ರಕಟವಾಗತೊಡಗಿದ ಇವರ 'ಮಾಶಿ ವೆನ್‌ಟೊಂಗ್' ಎಂಬ ಕೃತಿಯನ್ನು ಚೀನೀಯರೊಬ್ಬರು ತಮ್ಮ ಭಾಷೆಗೆ ಬರೆದ ಮೊದಲ ಸಮಗ್ರ ವ್ಯಾಕರಣವೆಂದು ಪರಿಗಣಿಸಲಾಗಿದೆ. ಪದಗಳ ರೂಪವೇ ಬದಲಾಗದ ಭಾಷೆಗೂ ನಿಯಮಬದ್ಧವಾದ ವ್ಯಾಕರಣವಿದೆ ಎಂಬುದನ್ನು ಈ ಕೃತಿ ಸಾಧಿಸಿ ತೋರಿಸಿತು. ಆದರೆ ಅದಕ್ಕಾಗಿ ಲ್ಯಾಟಿನ್ ವ್ಯಾಕರಣದ ಚೌಕಟ್ಟನ್ನು ಬಳಸಿದ್ದು ಇಂದಿಗೂ ಚರ್ಚೆಯ ವಿಷಯವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಜಿಯಾನ್‌ಜೊಂಗ್ ಅವರು ಜಿಯಾಂಗ್ಸು ಪ್ರಾಂತ್ಯದ ದಾನ್‌ಟು ಎಂಬಲ್ಲಿನ ಕ್ಯಾಥೊಲಿಕ್ ಕುಟುಂಬದಲ್ಲಿ ಜನಿಸಿದರು. ಮುಂದೆ ಶಾಂಘೈಯಲ್ಲಿ ಫುದಾನ್ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದ ಮಾ ಶಿಯಾಂಗ್‌ಬೊ ಇವರ ಅಣ್ಣ. ತೈಪಿಂಗ್ ದಂಗೆಯ ಕಾಲದಲ್ಲಿ ಕುಟುಂಬವು ಶಾಂಘೈಗೆ ವಲಸೆ ಹೋಯಿತು. ಅಲ್ಲಿ ಫ್ರೆಂಚ್ ಜೆಸ್ವಿಟ್ ಪಾದ್ರಿಗಳು ನಡೆಸುತ್ತಿದ್ದ ಶಾಲೆಯಲ್ಲಿ ಚೀನೀ ಶಾಸ್ತ್ರಗ್ರಂಥಗಳ ಜೊತೆಗೆ ಲ್ಯಾಟಿನ್ ಮತ್ತು ಫ್ರೆಂಚ್ ಕಲಿತರು. ಗ್ರೀಕ್ ಮತ್ತು ಇಂಗ್ಲಿಷ್ ಭಾಷೆಗಳನ್ನೂ ಅಭ್ಯಾಸ ಮಾಡಿದರು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳು ಬೀಜಿಂಗ್ ತಲುಪಿದ ಘಟನೆ ಆ ಪೀಳಿಗೆಯ ಅನೇಕರನ್ನು ಪಾಶ್ಚಾತ್ಯ ವಿದ್ಯೆಯತ್ತ ತಿರುಗಿಸಿತು. ಜಿಯಾನ್‌ಜೊಂಗ್ ಅವರಲ್ಲೊಬ್ಬರು.

1870ರ ದಶಕದಲ್ಲಿ ಪ್ರಭಾವಿ ರಾಜನೀತಿಜ್ಞ ಲಿ ಹೊಂಗ್‌ಜಾಂಗ್ ಅವರ ಬಳಗ ಸೇರಿದ ಇವರನ್ನು ಹೆಚ್ಚಿನ ಅಧ್ಯಯನಕ್ಕಾಗಿ ಫ್ರಾನ್ಸ್‌ಗೆ ಕಳುಹಿಸಲಾಯಿತು. ಪ್ಯಾರಿಸ್‌ನಲ್ಲಿ ರಾಜ್ಯಶಾಸ್ತ್ರ ಮತ್ತು ಕಾನೂನು ಓದಿ, ಕಾನೂನಿನಲ್ಲಿ ಪದವಿ ಪಡೆದರು. ಅದೇ ಅವಧಿಯಲ್ಲಿ ಚೀನಾದ ರಾಯಭಾರಿ ಗುವೊ ಸೊಂಗ್‌ಟಾವೊ ಅವರಿಗೆ ದುಭಾಷಿಯಾಗಿಯೂ ಸೇವೆ ಸಲ್ಲಿಸಿದರು.

ಸರ್ಕಾರಿ ಸೇವೆ

1880ರಲ್ಲಿ ಸ್ವದೇಶಕ್ಕೆ ಮರಳಿದ ಇವರು ಲಿ ಹೊಂಗ್‌ಜಾಂಗ್ ಅವರ ಸಲಹೆಗಾರರಾದರು. ಸಾಮ್ರಾಜ್ಯದ ನಾಗರಿಕ ಪರೀಕ್ಷೆಗಳ ಮಾರ್ಗದಿಂದ ಬಂದವರಲ್ಲವಾದ್ದರಿಂದ ಇವರ ಸ್ಥಾನಮಾನ ಬಹುಮಟ್ಟಿಗೆ ಆಶ್ರಯದಾತರನ್ನೇ ಅವಲಂಬಿಸಿತ್ತು. 1881ರಲ್ಲಿ ಅಫೀಮು ವ್ಯಾಪಾರದ ಕುರಿತು ಬ್ರಿಟಿಷ್ ಅಧಿಕಾರಿಗಳೊಡನೆ ಮಾತುಕತೆ ನಡೆಸಲು ಭಾರತಕ್ಕೆ ಬಂದಿದ್ದರು. ಮರುವರ್ಷ ಕೊರಿಯಾವು ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡಾಗ ಮಧ್ಯಸ್ಥಿಕೆ ವಹಿಸಿದರು. ಅದೇ ವರ್ಷ ಸೋಲ್‌ನಲ್ಲಿ ಸೈನಿಕರ ದಂಗೆಯಾದಾಗ, ರಾಜನ ತಂದೆ ದೆವೊಂಗುನ್ ಅವರನ್ನು ಬಂಧಿಸಿ ಚೀನಾಕ್ಕೆ ಸಾಗಿಸಿದ ಕಾರ್ಯಾಚರಣೆಯಲ್ಲಿಯೂ ಇವರ ಪಾತ್ರವಿತ್ತು.

1884ರಲ್ಲಿ ಫ್ರಾನ್ಸ್‌ನೊಡನೆ ಯುದ್ಧ ನಡೆಯುತ್ತಿದ್ದಾಗ ಚೀನೀ ವ್ಯಾಪಾರಿ ಹಡಗು ಕಂಪನಿಯ ಹಡಗುಗಳು ಶತ್ರುಗಳ ವಶವಾಗದಿರಲೆಂದು ಅವುಗಳನ್ನು ಅಮೆರಿಕದ ಸಂಸ್ಥೆಯೊಂದಕ್ಕೆ ಮಾರುವ ವ್ಯವಸ್ಥೆ ಮಾಡಿದರು. ಮರುವರ್ಷ ಹಡಗುಗಳನ್ನು ಹಿಂದಕ್ಕೆ ಪಡೆಯಲಾಯಿತಾದರೂ ಇವರ ಮೇಲೆ ತೀವ್ರ ಟೀಕೆಗಳು ಬಂದವು. 1895ರಲ್ಲಿ ಜಪಾನಿನೆದುರು ಸೋತ ಚೀನಾದ ಪರವಾಗಿ ಲಿ ಹೊಂಗ್‌ಜಾಂಗ್ ಶಿಮೊನೊಸೆಕಿಗೆ ತೆರಳಿದಾಗ ಜಿಯಾನ್‌ಜೊಂಗ್ ಅವರೂ ಜೊತೆಗಿದ್ದರು. ಆ ಬಳಿಕ ಶಾಂಘೈಯಲ್ಲಿ ನೆಲೆಸಿ ಬರವಣಿಗೆಯಲ್ಲಿ ತೊಡಗಿದರು. ಆಗ ನೆರೆಯಲ್ಲಿದ್ದ ಯುವ ಸುಧಾರಕ ಲಿಯಾಂಗ್ ಚಿಚಾವೊ ಇವರ ವ್ಯಾಕರಣ ರೂಪುಗೊಳ್ಳುವುದನ್ನು ಹತ್ತಿರದಿಂದ ಕಂಡವರು.

ಮಾಶಿ ವೆನ್‌ಟೊಂಗ್

ಚೀನಾದಲ್ಲಿ ಭಾಷೆಯ ಅಧ್ಯಯನಕ್ಕೆ ಎರಡು ಸಾವಿರ ವರ್ಷಗಳ ಪರಂಪರೆಯಿತ್ತು. ಆದರೆ ಅದು ಲಿಪಿ, ಉಚ್ಚಾರಣೆ ಮತ್ತು ಪದಾರ್ಥಗಳ ಸುತ್ತ ಬೆಳೆದಿತ್ತು. ವಾಕ್ಯರಚನೆಯ ಶಾಸ್ತ್ರವಾಗಿ ಬೆಳೆದಿರಲಿಲ್ಲ. ಫ್ರಾನ್ಸಿಸ್ಕೊ ವರೊ ಅವರ ವ್ಯಾಕರಣ (1703) ಮೊದಲಾದ ಮಿಷನರಿಗಳ ಕೃತಿಗಳು ವಿದೇಶಿ ಕಲಿಕೆದಾರರಿಗಾಗಿ ಬರೆದವು. ಚೀನೀ ಮಕ್ಕಳು ಪ್ರಾಚೀನ ಗ್ರಂಥಗಳನ್ನು ಕಂಠಪಾಠ ಮಾಡುತ್ತ, ವರ್ಷಗಳ ನಂತರ ತಾವಾಗಿಯೇ ವಾಕ್ಯದ ಮರ್ಮವನ್ನು ಗ್ರಹಿಸಬೇಕಿತ್ತು. ಯುರೋಪಿನ ಮಕ್ಕಳು ವ್ಯಾಕರಣದ ನೆರವಿನಿಂದ ಬೇಗನೆ ಓದು ಬರಹ ಕಲಿತು ಇತರ ವಿದ್ಯೆಗಳಿಗೆ ಕಾಲ ಉಳಿಸಿಕೊಳ್ಳುತ್ತಾರೆ, ಚೀನಾ ಹಿಂದುಳಿಯಲು ಈ ವ್ಯತ್ಯಾಸವೂ ಕಾರಣ ಎಂಬುದು ಜಿಯಾನ್‌ಜೊಂಗ್ ಅವರ ವಾದವಾಗಿತ್ತು. ಯುದ್ಧದ ಸೋಲನ್ನು ಸಂಧಾನದ ಮೇಜಿನಲ್ಲಿ ಕಂಡುಬಂದವರು ವ್ಯಾಕರಣ ಬರೆಯಲು ಕುಳಿತದ್ದು ಈ ಕಾರಣದಿಂದ.

ಚೀನೀ ವಾಕ್ಯದ ಮೂಲ ಲಕ್ಷಣವನ್ನು ಇಂದಿನ ಆಡುಮಾತಿನ ಉದಾಹರಣೆಯಿಂದ ತಿಳಿಯಬಹುದು. 'ವೊ ಖಾನ್ ನಿ' ಎಂದರೆ 'ನಾನು ನಿನ್ನನ್ನು ನೋಡುತ್ತೇನೆ'. ಪದಗಳ ಕ್ರಮ ನಾನು, ನೋಡು, ನೀನು. ಕನ್ನಡದಲ್ಲಿ 'ನಿನ್ನನ್ನು ನಾನು ನೋಡುತ್ತೇನೆ' ಎಂದು ಪದಗಳನ್ನು ಹಿಂದುಮುಂದು ಮಾಡಿದರೂ ದ್ವಿತೀಯಾ ವಿಭಕ್ತಿ ಅರ್ಥವನ್ನು ಕಾಪಾಡುತ್ತದೆ. ಚೀನೀ ಭಾಷೆಯಲ್ಲಿ 'ನಿ ಖಾನ್ ವೊ' ಎಂದೊಡನೆ ನೋಡುವವನು ನೀನಾಗುತ್ತೀ. ವಿಭಕ್ತಿ ಪ್ರತ್ಯಯವಿಲ್ಲ, ಕರ್ತೃವಿನ ಪುರುಷ, ಲಿಂಗ, ವಚನಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದೂ ಇಲ್ಲ. ಹೀಗಾಗಿ ಅರ್ಥದ ಭಾರವನ್ನು ಪದಗಳ ಸ್ಥಾನ ಮತ್ತು ಕೆಲವು ಸಣ್ಣ ಪದಗಳು ಹೊರುತ್ತವೆ.

ಜಿಯಾನ್‌ಜೊಂಗ್ ವಿವರಿಸಿದ್ದು ಆಡುಮಾತನ್ನಲ್ಲ, ಪ್ರಾಚೀನ ಗ್ರಂಥಭಾಷೆಯನ್ನು. ಮೆನ್ಸಿಯಸ್, 'ಜುವೊ ಜುವಾನ್', 'ಶಿಜಿ' ಮೊದಲಾದ ಗ್ರಂಥಗಳಿಂದ ಹಿಡಿದು ತಾಂಗ್ ಯುಗದ ಹಾನ್ ಯು ಅವರ ಗದ್ಯದವರೆಗೆ ಸಾವಿರಾರು ವಾಕ್ಯಗಳನ್ನು ಆಯ್ದು ಹತ್ತು ಭಾಗಗಳಲ್ಲಿ ಅಳವಡಿಸಿದರು. ಪದಗಳನ್ನು 'ತುಂಬು ಪದ', 'ಖಾಲಿ ಪದ' ಎಂದು ವಿಭಾಗಿಸುವ ದೇಶೀಯ ಕ್ರಮವನ್ನು ಉಳಿಸಿಕೊಂಡು, ಮೊದಲನೆಯದರಲ್ಲಿ ಐದು, ಎರಡನೆಯದರಲ್ಲಿ ನಾಲ್ಕು, ಹೀಗೆ ಒಂಬತ್ತು ವರ್ಗಗಳನ್ನು ಗುರುತಿಸಿದರು. ನಾಮಪದ, ಸರ್ವನಾಮ, ಕ್ರಿಯಾಪದ ಮೊದಲಾದವು ಲ್ಯಾಟಿನ್ ವ್ಯಾಕರಣವನ್ನು ಹೋಲುತ್ತವೆ. ಆದರೆ ವಾಕ್ಯಾಂತ್ಯದಲ್ಲಿ ನಿಂತು ಹೇಳಿಕೆ, ಪ್ರಶ್ನೆಗಳನ್ನು ಸೂಚಿಸುವ ಸಹಾಯಕ ಪದಗಳು ಚೀನೀ ಭಾಷೆಗೆ ವಿಶಿಷ್ಟವೆಂದೂ, ಕ್ರಿಯಾಪದದ ರೂಪಭೇದಗಳಿಲ್ಲದ ಕೊರತೆಯನ್ನು ಅವು ತುಂಬುತ್ತವೆಂದೂ ಅವರು ಕಂಡುಕೊಂಡರು. ಕರ್ಮ ಕ್ರಿಯಾಪದದ ನಂತರ ಬರುವುದು ಸಾಮಾನ್ಯ ನಿಯಮವಾದರೂ, ನಿಷೇಧಾರ್ಥಕ ವಾಕ್ಯದಲ್ಲಿ ಸರ್ವನಾಮವು ಕರ್ಮವಾದಾಗ ಅದು ಕ್ರಿಯಾಪದಕ್ಕಿಂತ ಮೊದಲೇ ಬರುವ ಪ್ರಾಚೀನ ರೂಢಿಯನ್ನೂ ನಿರೂಪಿಸಿದರು.

ಅವರಿಗೆ ಎದುರಾದ ದೊಡ್ಡ ತೊಡಕೆಂದರೆ ಒಂದೇ ಪದ ಹಲವು ವರ್ಗಗಳಲ್ಲಿ ಬರುವುದು. 'ವಾಂಗ್' ಎಂಬ ಅಕ್ಷರ ಒಂದೆಡೆ 'ರಾಜ', ಇನ್ನೊಂದೆಡೆ 'ರಾಜನಾಗಿ ಆಳು'. ಪದಕ್ಕೆ ಸ್ಥಿರವಾದ ಅರ್ಥವಿಲ್ಲದ ಕಾರಣ ಸ್ಥಿರವಾದ ವರ್ಗವೂ ಇಲ್ಲ, ವಾಕ್ಯದಲ್ಲಿಯೇ ಅದನ್ನು ನಿರ್ಧರಿಸಬೇಕು ಎಂದು ಅವರು ತೀರ್ಮಾನಿಸಿದರು. ಹಾಗಿದ್ದರೆ ವರ್ಗೀಕರಣಕ್ಕೆ ಆಧಾರವೇನು ಎಂಬ ಪ್ರಶ್ನೆ ಉಳಿದೇ ಇದೆ. ಇದು ಕೃತಿಯ ದುರ್ಬಲ ಭಾಗ. ಮುಂದಿನ ಸಂಶೋಧನೆಗೆ ದಾರಿ ತೆರೆದದ್ದೂ ಇದೇ.

ನಿಧನ ಮತ್ತು ನಂತರದ ಪ್ರಭಾವ

ಜಿಯಾನ್‌ಜೊಂಗ್ 1900ರಲ್ಲಿ, ಬಾಕ್ಸರ್ ದಂಗೆಯ ಬಿಕ್ಕಟ್ಟಿನ ನಡುವೆ, ಶಾಂಘೈಯಲ್ಲಿ ನಿಧನರಾದರು. ಕೃತಿಯ ರಚನೆಯಲ್ಲಿ ಅಣ್ಣ ಶಿಯಾಂಗ್‌ಬೊ ಅವರ ಪಾಲೆಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಕ್ಕಳ ಕಲಿಕೆಯನ್ನು ಸುಲಭಗೊಳಿಸಲು ಬರೆದ ಪುಸ್ತಕ ಮಕ್ಕಳಿಗಿರಲಿ, ಶಿಕ್ಷಕರಿಗೂ ಕಠಿಣವಾಗಿತ್ತು. ಶಾಲೆಗಳಲ್ಲಿ ನೆಲೆಯೂರಿದ್ದು ಲಿ ಜಿನ್‌ಶಿ 1924ರಲ್ಲಿ ಆಡುಮಾತಿಗೆ ಬರೆದ ವ್ಯಾಕರಣ. ಯಾಂಗ್ ಶುದಾ 1931ರಲ್ಲಿ 'ಮಾಶಿ ವೆನ್‌ಟೊಂಗ್'ನ ದೋಷಗಳನ್ನೇ ಪಟ್ಟಿಮಾಡಿ ಪುಸ್ತಕ ಪ್ರಕಟಿಸಿದರು. 1938ರಲ್ಲಿ ಶಾಂಘೈಯಲ್ಲಿ ಆರಂಭವಾದ ವ್ಯಾಕರಣ ಸುಧಾರಣೆಯ ಚರ್ಚೆಯಲ್ಲಿ ಲ್ಯಾಟಿನ್ ಅನುಕರಣೆ ಪ್ರಮುಖ ಆಕ್ಷೇಪವಾಗಿತ್ತು. 1986ರಲ್ಲಿ ಲು ಶುಶಿಯಾಂಗ್ ಮತ್ತು ವಾಂಗ್ ಹೈಫೆನ್ ಈ ಕೃತಿಗೆ ಟಿಪ್ಪಣಿಸಹಿತ ಓದುಗಪ್ರತಿಯನ್ನು ಹೊರತಂದರು.